ಸೆಸ್ನಾ ಕಿಟಕಿಯಿಂದ ಉಪ್ಪಿನ ಆಗರ: ಹಾರಿದ್ದು ಮೂರು ಗಂಟೆ, ಹಂಚಲು ಹಿಡಿದದ್ದು ನಾಲ್ಕೂವರೆ ತಿಂಗಳು

ಕಳೆದ ವಾರ ಕೊನೆಯ ಮೂರು ಚಿತ್ರಗಳಿಗೂ ಅನುಮತಿ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ತುದಿಯ ಉಪ್ಪಿನ ಆಗರಗಳನ್ನು ನಾಲ್ಕು ಸೀಟಿನ ಸೆಸ್ನಾ 172 ವಿಮಾನದಿಂದ ತೆಗೆದ 38 ಫೋಟೋಗಳು ಈಗ ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರ ಭಂಡಾರದಲ್ಲಿವೆ. ಯಾರು ಬೇಕಾದರೂ ಇಳಿಸಿಕೊಂಡು ಪಾಠಕ್ಕೆ, ಪತ್ರಿಕೆಗೆ, ಸಂಶೋಧನೆಗೆ ಬಳಸಬಹುದು. ಎರಡು ಹಾರಾಟ ಸೇರಿ ವಿಮಾನದಲ್ಲಿ ಕಳೆದದ್ದು ಮೂರೇ ಗಂಟೆ. ಸೆಪ್ಟೆಂಬರಿನಲ್ಲಿ ಮೊದಲ ವಿಚಾರಣೆ ಮಾಡಿದ ದಿನದಿಂದ ಕೊನೆಯ ಚಿತ್ರ ಎಲ್ಲರಿಗೂ ಸಿಗುವ ಹೊತ್ತಿಗೆ ಜನವರಿ ಮುಗಿಯುತ್ತ ಬಂದಿತ್ತು. ಇದರಲ್ಲಿ ಅರ್ಧ ಸಮಯವನ್ನಾದರೂ ಉಳಿಸಬಹುದಿತ್ತು. ಮುಂದೆ ಹೀಗೆ ಹೊರಡುವವರಿಗೆ ಆ ಅರ್ಧ ಉಳಿಯಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲಿನಿಂದ ತೆಗೆದ ಚಿತ್ರ ಎಷ್ಟೇ ಚೆಂದವಿರಲಿ, ಎಲ್ಲಿಂದ, ಯಾವ ದಿಕ್ಕಿಗೆ, ಎಷ್ಟು ಎತ್ತರದಿಂದ, ಯಾವ ಗಳಿಗೆಯಲ್ಲಿ ತೆಗೆದದ್ದು ಎಂಬುದು ಜೊತೆಗಿಲ್ಲದಿದ್ದರೆ ಇನ್ನೊಬ್ಬರಿಗೆ ಅದು ಗೋಡೆಗೆ ಹಾಕುವ ಪಟ ಅಷ್ಟೆ. ಈ ನಾಲ್ಕನ್ನೂ ಹಾರುವಾಗಲೇ ಹಿಡಿದಿಟ್ಟುಕೊಳ್ಳಬೇಕು. ಇಳಿದ ಮೇಲೆ ಹುಡುಕಿದರೆ ವಾರಗಟ್ಟಲೆ ಹಿಡಿಯುತ್ತದೆ.

ಈ ಜಾಗವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೊಲ್ಲಿಯ ಅಂಚಿನ ಜವುಗನ್ನು ಒಡ್ಡು ಹಾಕಿ ಕೊಳಗಳಾಗಿ ಕಟ್ಟಿ, ಸಮುದ್ರದ ನೀರನ್ನು ಕೊಳದಿಂದ ಕೊಳಕ್ಕೆ ಹಾಯಿಸಿ ಬಿಸಿಲಿಗೆ ಆರಿಸಿ ಉಪ್ಪು ತೆಗೆಯುವ ಕೆಲಸ ಇಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ನಡೆದಿದೆ. ಕುಮಟಾ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಣಿಕಟ್ಟಾದ ಆಗರ ಕಂಡವರಿಗೆ, ಅಘನಾಶಿನಿಯ ಗಜನಿ ಭೂಮಿಯ ಒಡ್ಡು, ತೂಬು ಕಂಡವರಿಗೆ ವ್ಯವಸ್ಥೆ ಒಂದೇ. ಇಲ್ಲಿ ಅಳತೆ ಮಾತ್ರ ದೊಡ್ಡದು. 2003ರಲ್ಲಿ ಕಾರ್ಗಿಲ್ ಕಂಪನಿಯಿಂದ 15,100 ಎಕರೆಯಷ್ಟು ಕೊಳಗಳನ್ನು ಸರ್ಕಾರ ಪಡೆದುಕೊಂಡಿತು. ಅಲ್ಲಿಂದಾಚೆಗೆ ಒಂದೊಂದೇ ಒಡ್ಡನ್ನು ಒಡೆದು ಉಬ್ಬರದ ನೀರನ್ನು ಒಳಬಿಟ್ಟು, ಮತ್ತೆ ಜವುಗು ಬೆಳೆಯುವಂತೆ ಮಾಡಲಾಗುತ್ತಿದೆ. ಆಲ್ವೀಸೊ ಬಳಿಯ ಎ19, ಎ20, ಎ21 ಎಂಬ ಕೊಳಗಳ ಒಡ್ಡು ಒಡೆದದ್ದು 2006ರಲ್ಲಿ, ಎ6ರದ್ದು 2010ರಲ್ಲಿ. ನೆಲದ ಮೇಲೆ ನಿಂತರೆ ಕಾಣುವುದು ಮಣ್ಣಿನ ದಿಬ್ಬ ಮತ್ತು ಹುಲ್ಲು. ಎರಡು ಸಾವಿರ ಅಡಿಯಿಂದ ನೋಡಿದರೆ ಹದಿನೈದು ವರ್ಷದಲ್ಲಿ ನೀರು ತಾನೇ ಕೊರೆದುಕೊಂಡ ಕಾಲುವೆಗಳು ಮರದ ಬೇರಿನಂತೆ ಹರಡಿರುವುದು ಕಾಣುತ್ತದೆ. ವರ್ಷವರ್ಷವೂ ಇದು ಬದಲಾಗುವುದರಿಂದ ಒಂದೊಂದು ಚಿತ್ರವೂ ದಾಖಲೆಯೇ.

ಮೊದಲು ಗೊತ್ತು ಮಾಡಿಕೊಳ್ಳಬೇಕಾದದ್ದು ಇಳಿತದ ವೇಳೆ. ಕಾಲುವೆಗಳು ಕಾಣುವುದು ಇಳಿತದಲ್ಲಿ ಮಾತ್ರ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ದಿನಕ್ಕೆ ಎರಡು ಇಳಿತ ಬಂದರೂ ಒಂದು ದೊಡ್ಡದು, ಒಂದು ಸಣ್ಣದು. ಬೇಸಿಗೆಯಲ್ಲಿ ದೊಡ್ಡ ಇಳಿತ ಬೆಳಗಿನ ಜಾವಕ್ಕೆ ಬೀಳುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ, ಸಂಜೆಗೆ. ಹಾಗಾಗಿ ಕೊಳಗಳ ಬಣ್ಣ ಬೇಕಾದವರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋಗಬೇಕು, ಕಾಲುವೆ ಬೇಕಾದವರು ನವೆಂಬರ್‌ನಿಂದ ಆಚೆಗೆ. ಬೇಸಿಗೆಯುದ್ದಕ್ಕೂ ಆರಿ ಆರಿ ಉಪ್ಪಿನಂಶ ಏರಿದ ಕೊಳಗಳು ಮಳೆ ಬೀಳುವ ಮುಂಚೆ ಅತ್ಯಂತ ಕಡು ಬಣ್ಣಕ್ಕೆ ತಿರುಗಿರುತ್ತವೆ. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ಎನ್‌ಒಎಎಯ ಉಬ್ಬರ-ಇಳಿತದ ಪಟ್ಟಿ ಉಚಿತವಾಗಿ ಸಿಗುತ್ತದೆ. ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟ್‌ನ ವೇಳೆಯನ್ನು ನೋಡಿ ಹೊರಡಬೇಡಿ. ಕೊಲ್ಲಿಯ ದಕ್ಷಿಣ ತುದಿಗೆ ನೀರು ತಲುಪುವುದು ತಡ, ಆದ್ದರಿಂದ ಹತ್ತಿರದ ಠಾಣೆಯ ಪಟ್ಟಿಯನ್ನೇ ನೋಡಿ.

ಇನ್ನು ವಿಮಾನ, ಪೈಲಟ್ ಮತ್ತು ದುಡ್ಡು. ಖಾಸಗಿ ಪೈಲಟ್ ಲೈಸೆನ್ಸ್ ಇರುವ ಗೆಳೆಯನೊಬ್ಬ ಪಾಲೊ ಆಲ್ಟೊ ವಿಮಾನ ನಿಲ್ದಾಣದ ಫ್ಲೈಯಿಂಗ್ ಕ್ಲಬ್ ಒಂದರ ಸದಸ್ಯ. ಇಂಧನವೂ ಸೇರಿ ಬಾಡಿಗೆ ಗಂಟೆಗೆ 195 ಡಾಲರ್. ಲೆಕ್ಕ ನಡೆಯುವುದು ಹಾಬ್ಸ್ ಮೀಟರಿನ ಮೇಲೆ, ಅಂದರೆ ಎಂಜಿನ್ ಚಾಲೂ ಆದ ಗಳಿಗೆಯಿಂದ. ರನ್‌ವೇ ಬಳಿ ಸರದಿ ಕಾಯುವ ಹತ್ತು ನಿಮಿಷಕ್ಕೂ ದುಡ್ಡು ಕೊಡಬೇಕು. ಇಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮ 61.113 ತಿಳಿದಿರಲೇಬೇಕು. ಖಾಸಗಿ ಪೈಲಟ್ ಸಂಭಾವನೆ ತೆಗೆದುಕೊಂಡು ಹಾರಿಸುವಂತಿಲ್ಲ. ಇಂಧನ, ಎಣ್ಣೆ, ನಿಲ್ದಾಣದ ಶುಲ್ಕ, ಬಾಡಿಗೆ ಇವಿಷ್ಟನ್ನು ಮಾತ್ರ ಸವಾರರೊಂದಿಗೆ ಹಂಚಿಕೊಳ್ಳಬಹುದು, ಅದರಲ್ಲೂ ತನ್ನ ಪಾಲಿಗಿಂತ ಕಡಿಮೆ ಕೊಡುವಂತಿಲ್ಲ. ಇಬ್ಬರಿದ್ದರೆ ಪೈಲಟ್‌ನದು ಕನಿಷ್ಠ ಅರ್ಧ, ಮೂವರಿದ್ದರೆ ಮೂರರಲ್ಲೊಂದು. "ಅವನು ಹಾರಿಸುತ್ತಾನಲ್ಲ, ದುಡ್ಡು ಪೂರ್ತಿ ನಾನೇ ಕೊಡ್ತೀನಿ" ಎಂಬುದು ಸೌಜನ್ಯದ ಮಾತಾಗಿ ಕೇಳಿಸಿದರೂ ಅವನ ಲೈಸೆನ್ಸಿಗೆ ಸಂಚಕಾರ ತರಬಹುದು. ಚಿತ್ರಗಳನ್ನು ಮಾರುವ ಉದ್ದೇಶ ಮೊದಲಿನಿಂದಲೇ ಇದ್ದರೆ ಕಮರ್ಷಿಯಲ್ ಲೈಸೆನ್ಸ್ ಇರುವ ಪೈಲಟ್‌ನನ್ನೇ ಗೊತ್ತು ಮಾಡಿಕೊಳ್ಳಿ. ವೈಮಾನಿಕ ಛಾಯಾಗ್ರಹಣಕ್ಕೆ ಚಾರ್ಟರ್ ಕಂಪನಿಯ ಪ್ರಮಾಣಪತ್ರ ಬೇಕಿಲ್ಲ, ಆದರೆ ಪೈಲಟ್ ಮಾತ್ರ ಕಮರ್ಷಿಯಲ್ ಆಗಿರಬೇಕು. ನಮ್ಮದು ಉಚಿತವಾಗಿ ಹಂಚುವ ಕೆಲಸವಾದ್ದರಿಂದ ಪಾಲು ಹಾಕಿಕೊಂಡು ಹಾರಿದೆವು.

ಮೊದಲ ಎರಡು ದಿನಾಂಕ ಹಾಳಾದವು. ಒಂದು ದಿನ ಬೆಳಗ್ಗೆ ಕಡಲಿನಿಂದ ಬಂದ ತಗ್ಗು ಮೋಡ ಹನ್ನೊಂದಾದರೂ ಕರಗಲಿಲ್ಲ. ಇನ್ನೊಂದು ಭಾನುವಾರ. ಆಕಾಶ ತೊಳೆದಿಟ್ಟಂತಿತ್ತು, ಆದರೆ ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಪಂದ್ಯ. ಇಂಥ ದೊಡ್ಡ ಪಂದ್ಯ ನಡೆಯುವಾಗ ಸ್ಟೇಡಿಯಂ ಸುತ್ತ 3 ನಾಟಿಕಲ್ ಮೈಲಿ (ಸುಮಾರು 5.5 ಕಿ.ಮೀ.), ನೆಲದಿಂದ 3,000 ಅಡಿವರೆಗೆ ಹಾರಾಟ ನಿಷೇಧ. ಪಂದ್ಯಕ್ಕೆ ಒಂದು ಗಂಟೆ ಮೊದಲಿನಿಂದ ಮುಗಿದ ಒಂದು ಗಂಟೆಯವರೆಗೂ ಅದು ಇರುತ್ತದೆ. ಆಲ್ವೀಸೊದ ದಕ್ಷಿಣದ ಕೊಳಗಳೆಲ್ಲ ಆ ವೃತ್ತದೊಳಗೇ ಬೀಳುತ್ತವೆ. ಈ ನಿಷೇಧ ಶಾಶ್ವತ ಸೂಚನೆಯ ರೂಪದಲ್ಲಿರುವುದರಿಂದ ಪ್ರತಿ ಪಂದ್ಯದ ವೇಳೆಯನ್ನು ನಾವೇ ನೋಡಿಕೊಳ್ಳಬೇಕು. ದಿನಾಂಕ ಗೊತ್ತುಮಾಡುವ ಮೊದಲು ಇಳಿತದ ಪಟ್ಟಿಯ ಪಕ್ಕದಲ್ಲಿ ಪಂದ್ಯದ ವೇಳಾಪಟ್ಟಿಯನ್ನೂ ಇಟ್ಟುಕೊಳ್ಳಿ. ಕಾಡ್ಗಿಚ್ಚಿನ ಹೊಗೆಯನ್ನೂ ಮರೆಯಬೇಡಿ. ನೆಲದಲ್ಲಿ ನಿಂತಾಗ ಸ್ವಚ್ಛವೆನಿಸುವ ದಿನವೂ ಓರೆಯಾಗಿ ನಾಲ್ಕೈದು ಕಿಲೋಮೀಟರ್ ಗಾಳಿಯ ಮೂಲಕ ನೋಡಿದರೆ ಚಿತ್ರ ಹಾಲಿನ ನೀರಿನಂತೆ ಮಂಕಾಗುತ್ತದೆ.

ಅಕ್ಟೋಬರ್ ಎರಡನೇ ವಾರ ಮೊದಲ ಹಾರಾಟವಾಯಿತು. ಸಿಕ್ಕ ವಿಮಾನದ ಬಲಗಡೆಯ ಕಿಟಕಿ ತೆರೆಯುತ್ತಲೇ ಇರಲಿಲ್ಲ. 172ರ ಹಳೆಯ ಮಾಡೆಲ್‌ಗಳಲ್ಲಿ ಎಡಗಡೆಯದು ಮಾತ್ರ ತೆರೆಯುವಂಥವು ಇವೆ. ಬುಕ್ ಮಾಡುವಾಗ ಕೇಳಬೇಕಾದ ಪ್ರಶ್ನೆಯನ್ನು ನಾವು ಕೇಳಿರಲಿಲ್ಲ. ಸಣ್ಣ ವಿಮಾನದ ಕಿಟಕಿ ಗಾಜಿನದಲ್ಲ, ಅಕ್ರಿಲಿಕ್. ಸೂಕ್ಷ್ಮ ಗೀರುಗಳಿರುತ್ತವೆ, ಬಾಗಿದ ಕಡೆ ನೇರ ಒಡ್ಡೂ ಬಾಗಿದಂತೆ ಕಾಣುತ್ತದೆ. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಇನ್ನೂ ಕೇಡು: ಅಕ್ರಿಲಿಕ್‌ನೊಳಗಿನ ಒತ್ತಡದ ಗೆರೆಗಳು ಕಾಮನಬಿಲ್ಲಿನ ಪಟ್ಟೆಗಳಾಗಿ ಚಿತ್ರದ ಮೇಲೆ ಮೂಡುತ್ತವೆ. ಅದನ್ನು ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಸರಿಯಾಗಿ ತೆಗೆಯಲಾಗದು. ಬಿಳಿ ಅಂಗಿ ತೊಟ್ಟಿದ್ದರೆ ಅದರ ಪ್ರತಿಬಿಂಬ ಕಿಟಕಿಯಲ್ಲಿ ಬಿದ್ದು ಚಿತ್ರಕ್ಕೆ ಮಸುಕು ಬರುತ್ತದೆ. ಆವತ್ತು 640 ಚಿತ್ರ ತೆಗೆದೆ, ಉಳಿದದ್ದು ನಾಲ್ಕು. ತೆರೆಯುವ ಕಿಟಕಿ ಸಿಗದೇ ಹೋದರೆ ಕಪ್ಪು ಅಥವಾ ಕಡುನೀಲಿ ಬಟ್ಟೆ ತೊಡಿ, ಲೆನ್ಸನ್ನು ಕಿಟಕಿಗೆ ತಾಗಿಸದೆ ಎರಡು ಬೆರಳು ಅಂತರದಲ್ಲಿ, ಆದಷ್ಟು ನೇರವಾಗಿ ಹಿಡಿಯಿರಿ. ಹೊರಡುವ ಮುನ್ನ ಮೈಕ್ರೋಫೈಬರ್ ಬಟ್ಟೆಯಿಂದ, ವಿಮಾನದ ಕಿಟಕಿಗೆಂದೇ ಇರುವ ದ್ರವದಿಂದ ಒರೆಸಿ. ಮನೆಯ ಗಾಜು ಒರೆಸುವ ಅಮೋನಿಯಾ ದ್ರವ ಹಾಕಿದರೆ ಅಕ್ರಿಲಿಕ್ ಒಳಗೇ ಬಿರುಕು ಬಿಡುತ್ತದೆ. ಕಿಟಕಿ ಬದಲಿಸುವ ಖರ್ಚು ನಿಮ್ಮ ತಲೆಗೇ ಬರಬಹುದು.

ಆ ಹಾರಾಟ 1.3 ಗಂಟೆ, 253.50 ಡಾಲರ್, ತಲಾ 126.75. ಇಳಿದು ಬರುವಾಗ ಬೇಸರವಾಗಿತ್ತು. ಬಣ್ಣದ ಹೊತ್ತು ಮುಗಿಯುತ್ತ ಬಂದಿತ್ತು, ಎರಡೂ ಕಿಟಕಿ ತೆರೆಯುವ ಇನ್ನೊಂದು ವಿಮಾನ ನಾಲ್ಕು ವಾರ ಖಾಲಿ ಇರಲಿಲ್ಲ.

ಎರಡನೆಯದು ನವೆಂಬರ್ ನಡುವಿನಲ್ಲಿ, ಮಧ್ಯಾಹ್ನದ ಇಳಿತಕ್ಕೆ ಹೊಂದಿಸಿದ್ದು. ಹಿಂದಿನ ಸೀಟಿನಲ್ಲಿ ಮತ್ತೊಬ್ಬ ಗೆಳೆಯ ಟಿಪ್ಪಣಿ ಬರೆಯಲು ಬಂದ. ಮೂವರ ತೂಕ, ಕ್ಯಾಮೆರಾ ಚೀಲ, ಇಂಧನ ಎಲ್ಲ ಕೂಡಿಸಿ ನೋಡಿ ಟ್ಯಾಂಕ್ ಪೂರ್ತಿ ತುಂಬಿಸದೆ ಹೊರಟೆವು. ಪಾಲೊ ಆಲ್ಟೊದ ರನ್‌ವೇ 2,443 ಅಡಿ ಮಾತ್ರ, ಹೆಚ್ಚು ತೂಕ ಹೊರಿಸುವುದು ಸಲ್ಲದು. 172ರ ಕಿಟಕಿ ಮೇಲ್ತುದಿಯಲ್ಲಿ ಕೀಲು ಇರುವಂಥದ್ದು. ಕೆಳಗೆ ಒಂದು ಸಣ್ಣ ಲೋಹದ ತೋಳು ಅದನ್ನು ಕೆಲವೇ ಇಂಚು ತೆರೆಯುವಂತೆ ತಡೆಯುತ್ತದೆ. ಆ ತೋಳಿನ ಸ್ಕ್ರೂ ಬಿಚ್ಚಿದರೆ ಹಾರುವಾಗ ಗಾಳಿಯೇ ಕಿಟಕಿಯನ್ನು ಎತ್ತಿ ರೆಕ್ಕೆಯ ಅಡಿಗೆ ಒತ್ತಿ ಹಿಡಿಯುತ್ತದೆ. ನೀವೇ ಸ್ಕ್ರೂಡ್ರೈವರ್ ಹಿಡಿಯಬೇಡಿ. ವಿಮಾನದ ಮಾಲೀಕರ ಒಪ್ಪಿಗೆ ಪಡೆದು ಅವರ ಮೆಕ್ಯಾನಿಕ್ ಕೈಯಲ್ಲೇ ಬಿಚ್ಚಿಸಿ, ಮರಳಿದ ಮೇಲೆ ಅವರ ಕೈಯಲ್ಲೇ ಹಾಕಿಸಿ. ಕಿಟಕಿ ತೆರೆಯಬಹುದಾದ ಗರಿಷ್ಠ ವೇಗ ಮಾಡೆಲ್ ಪ್ರಕಾರ ವಿಮಾನದ ಕೈಪಿಡಿಯಲ್ಲಿರುತ್ತದೆ. 172ಎಸ್‌ನಲ್ಲಿ ಅದು 163 ನಾಟ್ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ). ಫೋಟೋಗೆ ಹಾರುವುದು 80ರ ಆಸುಪಾಸಿನಲ್ಲಾದ್ದರಿಂದ ಆ ಕಡೆಯ ಚಿಂತೆ ಇಲ್ಲ. ಇಳಿಯಲು ನಿಧಾನಿಸಿದಾಗ ಮಾತ್ರ ಕಿಟಕಿ ತಟಕ್ಕನೆ ಕೆಳಗೆ ಬೀಳುತ್ತದೆ. ಅದಕ್ಕೆ ಮುಂಚೆಯೇ ಕೈಯಿಂದ ಹಿಡಿದು ಚಿಲಕ ಹಾಕಬೇಕು.

ತೆರೆದ ಕಿಟಕಿಯ ಬಳಿ ಸಡಿಲವಾಗಿರುವ ಯಾವುದೂ ಉಳಿಯಬಾರದು. ಲೆನ್ಸ್ ಹುಡ್ ಕಳಚಿಡಿ. ಅದು ಕಿತ್ತು ಹೋದರೆ ಬಡಿಯುವುದು ಬಾಲಕ್ಕೆ. ಲೆನ್ಸ್ ಮುಚ್ಚಳ ಮನೆಯಲ್ಲೇ ಇರಲಿ. ಜೇಬಿನ ಪೆನ್ನು, ಫೋನ್, ತಲೆಯ ಟೋಪಿ, ಕಾಗದದ ಚೀಟಿ ಎಲ್ಲ ಹಿಂದಿನ ಚೀಲಕ್ಕೆ. ಕ್ಯಾಮೆರಾ ಪಟ್ಟಿ ಕತ್ತಿನಲ್ಲಿ, ಮಣಿಕಟ್ಟಿಗೆ ಇನ್ನೊಂದು. ಗಾಳಿಯಲ್ಲಿ ಲೆನ್ಸ್ ಬದಲಿಸುವ ಯೋಚನೆಯೇ ಬೇಡ, ಬೇಕಿದ್ದರೆ ಎರಡು ಕ್ಯಾಮೆರಾ ಒಯ್ಯಿರಿ. ಹೆಡ್‌ಸೆಟ್‌ನ ಮೈಕಿನ ಕಡ್ಡಿ ಕ್ಯಾಮೆರಾಕ್ಕೆ ಅಡ್ಡ ಬರುತ್ತದೆ. ಬಲಗಣ್ಣಿನಿಂದ ನೋಡುವವರು ಮೈಕು ಎಲ್ಲಿ ಬಂದರೆ ತಗುಲುವುದಿಲ್ಲ ಎಂದು ನೆಲದ ಮೇಲೇ ಹೆಡ್‌ಸೆಟ್ ತಿರುಗಿಸಿ ಹಾಕಿ ನೋಡಿಕೊಳ್ಳಬೇಕು. ಕಿಟಕಿ ತೆರೆದ ಕೂಡಲೇ ಮೈಕಿನೊಳಗೆ ಗಾಳಿಯ ಅಬ್ಬರ ತುಂಬಿ ಪೈಲಟ್‌ಗೆ ರೇಡಿಯೋ ಕೇಳಿಸದಂತಾಗಬಹುದು. ಮೈಕಿಗೆ ಸ್ಪಂಜಿನ ಟೋಪಿ ಹಾಕಿ ತುಟಿಗೆ ತಾಗುವಷ್ಟು ಹತ್ತಿರ ಇಟ್ಟುಕೊಂಡರೆ ಸರಿಹೋಗುತ್ತದೆ.

ಕ್ಯಾಮೆರಾದಲ್ಲಿ ಶಟರ್ 1/1000 ಸೆಕೆಂಡಿಗಿಂತ ನಿಧಾನ ಬೇಡ, ಸಾಧ್ಯವಾದರೆ 1/1600. ಅಪರ್ಚರ್ ಎಫ್ 5.6ರಿಂದ 8ರವರೆಗೆ ಇರಲಿ, ಎಲ್ಲವೂ ದೂರದಲ್ಲೇ ಇರುವುದರಿಂದ ಅದಕ್ಕಿಂತ ಮುಚ್ಚಿ ಲಾಭವಿಲ್ಲ. ಐಎಸ್‌ಒ 200ರಿಂದ 800ರ ನಡುವೆ ತಾನಾಗಿ ಬದಲಾಗಲು ಬಿಡಿ. ವೈಟ್ ಬ್ಯಾಲೆನ್ಸ್ ಹಗಲಿನ ಬೆಳಕಿಗೆ ಗಟ್ಟಿ ಮಾಡಿಬಿಡಿ. ತಾನಾಗಿ ಬಿಟ್ಟರೆ ಕೆಂಪು ಕೊಳ ಕಂಡಾಗಲೆಲ್ಲ ಕ್ಯಾಮೆರಾ ಅದನ್ನು "ಸರಿಪಡಿಸಿ" ಬಣ್ಣ ಕೆಡಿಸುತ್ತದೆ. 24-70 ಲೆನ್ಸ್ ಒಂದೇ ಸಾಕು. 50 ಮಿ.ಮೀ.ನಲ್ಲಿ 2,200 ಅಡಿಯಿಂದ ನೇರ ಕೆಳಗೆ ನೋಡಿದರೆ ಫುಲ್‌ಫ್ರೇಮ್ ಚಿತ್ರದಲ್ಲಿ ಸುಮಾರು 480 ಮೀಟರ್ ಅಗಲ ಹಿಡಿಯುತ್ತದೆ. 24 ಮೆಗಾಪಿಕ್ಸೆಲ್ ಆದರೆ ಒಂದು ಪಿಕ್ಸೆಲ್‌ಗೆ 8 ಸೆಂ.ಮೀ. ಒಡ್ಡಿನ ಮೇಲೆ ಗಾಡಿ ಹೋದ ಜಾಡು ಕೂಡ ಕಾಣುತ್ತದೆ. ಮೊಣಕೈಯನ್ನು ಬಾಗಿಲ ಅಂಚಿಗೆ ಊರಬೇಡಿ, ಎಂಜಿನ್ನಿನ ಕಂಪನ ನೇರ ಕ್ಯಾಮೆರಾಕ್ಕೆ ಹತ್ತುತ್ತದೆ. ಲೆನ್ಸ್ ಕಿಟಕಿಯ ಚೌಕಟ್ಟಿನಿಂದ ಒಂದಿಂಚು ಒಳಗೇ ಇರಲಿ. ಹೊರಗೆ ಚಾಚಿದರೆ ಗಾಳಿ ಹಿಡಿದು ಜಗ್ಗುತ್ತದೆ.

ಕೆಳಗಿರುವುದು 1972ರಲ್ಲಿ ಸ್ಥಾಪನೆಯಾದ ಡಾನ್ ಎಡ್ವರ್ಡ್ಸ್ ವನ್ಯಜೀವಿ ಧಾಮ. ಇಂಥ ಧಾಮಗಳ ಮೇಲೆ ನೆಲದಿಂದ 2,000 ಅಡಿಗಿಂತ ಕೆಳಗೆ ಹಾರಬೇಡಿ ಎಂದು ಪೈಲಟ್‌ಗಳಿಗೆ ಮನವಿ ಇದೆ. ಹಾರಾಟದ ನಕ್ಷೆಯಲ್ಲೂ ಧಾಮದ ಗಡಿ ಗುರುತಾಗಿರುತ್ತದೆ. ಒಣಗಿದ ಕೊಳಗಳ ತಳದಲ್ಲಿ ಮೊಟ್ಟೆಯಿಡುವ ಸ್ನೋಯಿ ಪ್ಲವರ್ ಎಂಬ ಪುಟ್ಟ ಹಕ್ಕಿ ಅಪಾಯಕ್ಕೊಳಗಾದದ್ದೆಂದು ಕಾನೂನಿನ ರಕ್ಷಣೆ ಪಡೆದದ್ದು. ಇನ್ನೂರು ಅಡಿ ಇಳಿದು ತೆಗೆದರೆ ಚಿತ್ರ ಇನ್ನೂ ಚೆನ್ನ ಬರುತ್ತಿತ್ತು ಎಂಬ ಆಸೆಗೆ ಬಲಿಬೀಳಬಾರದು. ನಾವು 2,200 ಅಡಿ ಹಿಡಿದೆವು.

ಆಕಾಶದ ಅಂಕೆಯೂ ಇಲ್ಲಿ ಬಿಗಿ. ವಿಮಾನ ನಿಲ್ದಾಣಗಳ ಸುತ್ತ ಕ್ಲಾಸ್ ಬಿ, ಕ್ಲಾಸ್ ಸಿ ಎಂಬ ನಿಯಂತ್ರಿತ ವಾಯುವಲಯಗಳಿವೆ: ಒಂದು ಕಡೆ ಸ್ಯಾನ್ ಹೋಸೆಯ ಕ್ಲಾಸ್ ಸಿ, ಪಕ್ಕದಲ್ಲಿ ಮಾಫೆಟ್ ಫೀಲ್ಡ್ ವಿಮಾನ ನೆಲೆ, ಮೇಲೆ ಸ್ಯಾನ್ ಫ್ರಾನ್ಸಿಸ್ಕೊದ ಕ್ಲಾಸ್ ಬಿ. ಕ್ಲಾಸ್ ಸಿ ಪ್ರವೇಶಕ್ಕೆ ಕಂಟ್ರೋಲರ್ ನಮ್ಮ ವಿಮಾನದ ಗುರುತು ಹೇಳಿ ಉತ್ತರಿಸಿದರೆ ಸಾಕು. ಕ್ಲಾಸ್ ಬಿಗೆ "ಕ್ಲಿಯರ್ಡ್" ಎಂಬ ಪದವನ್ನೇ ಕೇಳಿಸಿಕೊಳ್ಳಬೇಕು. ಮೊದಲ ಕರೆಯಲ್ಲೇ ಇದು ಫೋಟೋ ಹಾರಾಟ, ಇಂಥ ಜಾಗದ ಮೇಲೆ, ಇಷ್ಟು ಎತ್ತರದಲ್ಲಿ, ಇಷ್ಟು ನಿಮಿಷ ಎಂದು ಗೆಳೆಯ ತಿಳಿಸಿದ. ಸ್ಯಾನ್ ಹೋಸೆಯಿಂದ ಏರುವ ಜೆಟ್‌ಗಳು ವಾಯವ್ಯಕ್ಕೆ, ಅಂದರೆ ನಮಗೆ ಬೇಕಾದ ಕಡೆಗೇ ಬರುವುದರಿಂದ ಡಂಬಾರ್ಟನ್ ಸೇತುವೆಯ ಬಳಿ ಹನ್ನೆರಡು ನಿಮಿಷ ಕಾಯಿಸಿದರು. ಆ ಹನ್ನೆರಡು ನಿಮಿಷಕ್ಕೆ ಸುಮಾರು 39 ಡಾಲರ್. ಅದನ್ನು ವ್ಯರ್ಥ ಮಾಡದೆ ಸೇತುವೆಯ ಪೂರ್ವಕ್ಕೆ ನ್ಯೂವರ್ಕ್ ಕಡೆಯ, ಈಗಲೂ ಉಪ್ಪು ತೆಗೆಯುವ ಕೊಳಗಳನ್ನು ಹಿಡಿದೆವು. ಮಳೆ ಇನ್ನೂ ಬಿದ್ದಿರಲಿಲ್ಲ. ಕಡಿಮೆ ಉಪ್ಪಿನ ಕೊಳ ಪಾಚಿಯಿಂದ ಹಸಿರು, ಅದಕ್ಕಿಂತ ಉಪ್ಪು ಏರಿದ್ದರಲ್ಲಿ ಬ್ರೈನ್ ಶ್ರಿಂಪ್ ಎಂಬ ಸಣ್ಣ ಸೀಗಡಿಗಳಿಂದ ಕಿತ್ತಳೆ, ತೀರಾ ಕಟುವಾದದ್ದರಲ್ಲಿ ಡುನಾಲಿಯೆಲ್ಲಾ ಎಂಬ ಪಾಚಿ ಮತ್ತು ಉಪ್ಪನ್ನೇ ಬಯಸುವ ಸೂಕ್ಷ್ಮಜೀವಿಗಳಿಂದ ದಾಸವಾಳದಂಥ ಕೆಂಪು. ಎರಡು ಕೊಳದ ನಡುವಿನ ಒಂದು ಗಾಡಿ ಅಗಲದ ಒಡ್ಡು, ಅದರ ಒಂದು ಮಗ್ಗುಲಿಗೆ ಹಸಿರು ನೊರೆ, ಇನ್ನೊಂದು ಮಗ್ಗುಲಿಗೆ ಬಿಳಿ ಉಪ್ಪಿನ ಅಂಚು. ಗಾಳಿ ಬೀಸಿದ ಕಡೆಗೆ ನೊರೆ ಜಮೆಯಾಗಿ ಅಂಚಿಗೆ ಹೊಲಿಗೆ ಹಾಕಿದಂತೆ ಕಾಣುತ್ತಿತ್ತು.

ಸುತ್ತು ಹಾಕುವ ಬಗೆಯ ಬಗ್ಗೆ ವಿವರವಾಗಿ ಹೇಳಬೇಕು, ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನವೆಂಬರ್ ನಡುವಿನಲ್ಲಿ ಇಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣದಲ್ಲಿ 34 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಸೂರ್ಯನ ಕಡೆ ಮುಖ ಮಾಡಿ ಕೆಳಗೆ ನೋಡಿದರೆ ನೀರೆಲ್ಲ ಬೆಳ್ಳಿಯಂತೆ ಹೊಳೆದು ಬಣ್ಣ ಸತ್ತುಹೋಗುತ್ತದೆ. ಬಣ್ಣ ಬೇಕಾದರೆ ಬೆನ್ನಿಗೆ ಸೂರ್ಯ, ಕಣ್ಣಿಗೆ ಉತ್ತರ. ಬಲಗಡೆ ಕೂತವರಿಗೆ ಉತ್ತರ ಕಾಣುವುದು ವಿಮಾನ ಪಶ್ಚಿಮಕ್ಕೆ ಹೋಗುವಾಗ. ಅದಕ್ಕೇ ಪೂರ್ಣ ವೃತ್ತ ಸುತ್ತುವುದಕ್ಕಿಂತ ಪಶ್ಚಿಮಕ್ಕೆ ಉದ್ದ ಗೆರೆ, ತಿರುಗಿ ಪೂರ್ವಕ್ಕೆ ಬಂದು ಮತ್ತೆ ಪಶ್ಚಿಮಕ್ಕೆ, ಹೀಗೆ ಉಳುವಂತೆ ಹಾರಿದರೆ ಹೆಚ್ಚು ಸಿಗುತ್ತದೆ. ಪೂರ್ವದ ಗೆರೆಯಲ್ಲಿ ಬೆಳ್ಳಿ ಹೊಳಪಿನಲ್ಲಿ ಕಾಲುವೆಗಳ ಆಕಾರ ಮಾತ್ರ ಎದ್ದು ಕಾಣುತ್ತದೆ, ಅದಕ್ಕೂ ಅದರದೇ ಬೆಲೆ ಇದೆ.

ವೇಗ 80 ನಾಟ್, ಹತ್ತು ಡಿಗ್ರಿ ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನಲ್ಲಿ ಕೆಳಕ್ಕೆ ಬಾಗುವ ಪಟ್ಟಿ), ಓರೆ 30 ಡಿಗ್ರಿಗಿಂತ ಹೆಚ್ಚಿಲ್ಲ. ನಿಧಾನವಾಗಿ ಹಾರುತ್ತ ಕಡಿದಾಗಿ ಓರೆಯಾಗುವುದೇ ಫೋಟೋ ಹಾರಾಟದ ದೊಡ್ಡ ಅಪಾಯ. ಮಟ್ಟಸವಾದ ತಿರುವಿನಲ್ಲಿ 30 ಡಿಗ್ರಿ ಓರೆಗೆ ಸ್ಟಾಲ್ ವೇಗ (ಅದಕ್ಕಿಂತ ನಿಧಾನಿಸಿದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದ ವೇಗ) ಸುಮಾರು 7 ಪ್ರತಿಶತ ಏರುತ್ತದೆ, 45ಕ್ಕೆ 19, 60ಕ್ಕೆ 41. ಕೆಳಗಿನದನ್ನು ನೋಡುವ ಭರದಲ್ಲಿ ಪೈಲಟ್ ಮೂಗು ಎತ್ತಿದರೆ ಚೇತರಿಸಿಕೊಳ್ಳಲು ಎತ್ತರವೇ ಸಾಲದು. ಆದ್ದರಿಂದ ನಮ್ಮಲ್ಲಿ ಒಪ್ಪಂದವೊಂದಿತ್ತು: ಅವನು ಕೆಳಗೆ ನೋಡುವುದಿಲ್ಲ, ನಾನು "ಇನ್ನೂ ಓರೆ ಮಾಡು" ಎನ್ನುವುದಿಲ್ಲ. "ಈಗ ಬಲಕ್ಕೆ ತಿರುಗಿಸ್ತೀನಿ ಕಣೋ, ಹಿಡ್ಕೋ" ಎನ್ನುತ್ತಿದ್ದ, ತಿರುಗುತ್ತಿದ್ದ, ಅಷ್ಟೇ ಮಾತು. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ತಿರುವಿನಲ್ಲಿ ಕೂತರೆ ಹೊಟ್ಟೆ ತೊಳಸುತ್ತದೆ. ಪ್ರತಿ ಎರಡು ನಿಮಿಷಕ್ಕೆ ಕ್ಯಾಮೆರಾ ಇಳಿಸಿ ದಿಗಂತ ನೋಡಿ. ವಾಂತಿ ತಡೆಯುವ ಮಾತ್ರೆ ಸವಾರ ತೆಗೆದುಕೊಂಡರೆ ಅಡ್ಡಿಯಿಲ್ಲ, ಆದರೆ ನಿದ್ದೆ ತರುವುದರಿಂದ ಪೈಲಟ್ ತೆಗೆದುಕೊಳ್ಳಲೇಬಾರದು. ನವೆಂಬರಿನ ತೆರೆದ ಕಿಟಕಿಯಲ್ಲಿ ಕೈ ಮರಗಟ್ಟುತ್ತದೆ; ಬೆರಳ ತುದಿ ಕತ್ತರಿಸಿದ ಕೈಗವಸು ಬೇಕು.

1.7 ಗಂಟೆ ಹಾರಿದೆವು: 331.50 ಡಾಲರ್, ತಲಾ 110.50. ಎರಡೂ ಸೇರಿ ನನ್ನ ಪಾಲು 237.25. ಆವತ್ತಿನ ಚಿತ್ರ 910, ಉಳಿದದ್ದು 34.

ಮನೆಗೆ ಬಂದ ಮೇಲೆ ನಿಜವಾದ ಕೆಲಸ ಶುರುವಾಯಿತು. ಹಾರುವಾಗ ಫೋನಿನಲ್ಲಿ ಜಿಪಿಎಸ್ ಜಾಡನ್ನು ಜಿಪಿಎಕ್ಸ್ ಕಡತವಾಗಿ ಬರೆಸಿಕೊಂಡಿದ್ದೆವು. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಚಿತ್ರ ತೆಗೆದ ವೇಳೆಯನ್ನು ಜಾಡಿನ ವೇಳೆಗೆ ಹೊಂದಿಸಿ ಪ್ರತಿ ಚಿತ್ರಕ್ಕೂ ಅಕ್ಷಾಂಶ, ರೇಖಾಂಶ, ಎತ್ತರ ಬರೆಯುತ್ತದೆ. ಹೊಂದಿಸಿ ನೋಡಿದರೆ ಒಂದು ಚಿತ್ರವೂ ಜಾಡಿನ ಮೇಲೆ ಕೂರಲಿಲ್ಲ. ನವೆಂಬರಿನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಫೋನು ತಾನಾಗಿ ಹೋಗಿತ್ತು, ಕ್ಯಾಮೆರಾ ಹೋಗಿರಲಿಲ್ಲ. ಒಂದು ಗಂಟೆ ಸರಿಸಿದ ಮೇಲೂ ಚಿತ್ರಗಳು ಕೊಳದಾಚೆ ಬೀಳುತ್ತಿದ್ದವು, ಕ್ಯಾಮೆರಾ ಗಡಿಯಾರ ಇನ್ನೂ 47 ಸೆಕೆಂಡ್ ಮುಂದಿತ್ತು. 80 ನಾಟ್ ಎಂದರೆ ಸೆಕೆಂಡಿಗೆ 41 ಮೀಟರ್. 47 ಸೆಕೆಂಡಿಗೆ ಸುಮಾರು 1.9 ಕಿಲೋಮೀಟರ್ ಆಚೀಚೆ. ಇದು ಪತ್ತೆಯಾದದ್ದು ಎಂಜಿನ್ ಶುರು ಮಾಡುವ ಮುನ್ನ ಪೈಲಟ್‌ನ ಐಪ್ಯಾಡ್ ಪರದೆಯ ಜಿಪಿಎಸ್ ಗಡಿಯಾರವನ್ನು ಸೆಕೆಂಡ್ ಕಾಣುವಂತೆ ಒಂದು ಫೋಟೋ ತೆಗೆದಿಟ್ಟಿದ್ದರಿಂದ. ಆ ಒಂದು ಫೋಟೋ ತೆಗೆಯದೆ ಮೇಲೇರಬೇಡಿ. ಅಕ್ಟೋಬರಿನ ಹಾರಾಟದಲ್ಲಿ ತೆಗೆದಿರಲಿಲ್ಲ. ಆ ನಾಲ್ಕು ಚಿತ್ರಗಳ ಜಾಗವನ್ನು ಒಡ್ಡುಗಳ ಮೂಲೆ ಮೂಲೆ ನಕ್ಷೆಯೊಂದಿಗೆ ಹೋಲಿಸಿ ಗುರುತಿಸಲು ಎರಡು ಸಂಜೆ ಹೋಯಿತು.

ಜಾಡು ಹೇಳುವುದು ವಿಮಾನ ಹೋದ ದಿಕ್ಕನ್ನು, ಕ್ಯಾಮೆರಾ ನೋಡಿದ ದಿಕ್ಕನ್ನಲ್ಲ. ಬಲಗಿಟಕಿಯಾದರೆ ಅಂದಾಜಿಗೆ 90 ಡಿಗ್ರಿ ಕೂಡಿಸಿ, ಆಮೇಲೆ ಚಿತ್ರದ ನಡುವಿನ ಗುರುತೊಂದನ್ನು ಉಪಗ್ರಹ ನಕ್ಷೆಯಲ್ಲಿ ಹುಡುಕಿ, ಕ್ಯಾಮೆರಾ ಇದ್ದ ಜಾಗದಿಂದ ಅಲ್ಲಿಗೆ ಗೆರೆ ಎಳೆದರೆ ನಿಖರ ದಿಕ್ಕು ಸಿಗುತ್ತದೆ. ಕಾಮನ್ಸ್‌ನಲ್ಲಿ ಕ್ಯಾಮೆರಾ ಇದ್ದ ಜಾಗಕ್ಕೆ ಒಂದು ಟೆಂಪ್ಲೇಟ್, ಚಿತ್ರದಲ್ಲಿರುವ ವಸ್ತುವಿನ ಜಾಗಕ್ಕೆ ಇನ್ನೊಂದು. ನೆಲದ ಫೋಟೋದಲ್ಲಿ ಇವೆರಡೂ ಹತ್ತಿರ ಹತ್ತಿರ ಇರುತ್ತವೆ. ವಿಮಾನದ ಫೋಟೋದಲ್ಲಿ ಕಿಲೋಮೀಟರ್‌ಗಟ್ಟಲೆ ದೂರ. ಎರಡನ್ನೂ ತುಂಬಿ.

ಬಣ್ಣ ತಿದ್ದುವಾಗ ಕೈ ಬಿಗಿ ಹಿಡಿಯಬೇಕು. ಮಬ್ಬು ತೆಗೆಯುವ ಸಾಧನ ಸ್ವಲ್ಪ, ನೆರಳಿನ ನೀಲಿ ಛಾಯೆ ಕಳೆಯುವಷ್ಟು ಬಣ್ಣದ ತಿದ್ದುಪಡಿ, ದಿಗಂತ ನೇರ, ಅಷ್ಟೇ. ಈ ಕೊಳಗಳಲ್ಲಿ ಬಣ್ಣವೇ ಮಾಹಿತಿ. ಕೆಂಪನ್ನು ಹೆಚ್ಚಿಸಿದರೆ ಉಪ್ಪಿನಂಶದ ಬಗ್ಗೆ ಸುಳ್ಳು ಹೇಳಿದಂತೆ. ಎಲ್ಲ ಚಿತ್ರಗಳಿಗೂ ಒಂದೇ ತಿದ್ದುಪಡಿ ಹಾಕಿ, ಏನು ಮಾಡಿದೆ ಎಂದು ವಿವರಣೆಯಲ್ಲಿ ಒಂದು ಸಾಲು ಬರೆದೆ.

ಕಾಮನ್ಸ್‌ಗೆ "ವಾಣಿಜ್ಯ ಬಳಕೆ ಬೇಡ" ಎಂಬ ಷರತ್ತಿನ ಲೈಸೆನ್ಸ್ ನಡೆಯುವುದಿಲ್ಲ. ನಾನು ಸಿಸಿ ಬೈ-ಎಸ್‌ಎ 4.0 ಆರಿಸಿದೆ: ಹೆಸರು ಹಾಕಬೇಕು, ಮಾರ್ಪಡಿಸಿದರೆ ಅದೇ ಲೈಸೆನ್ಸಿನಲ್ಲಿ ಹಂಚಬೇಕು. ಒಮ್ಮೆ ಕೊಟ್ಟ ಲೈಸೆನ್ಸನ್ನು ಹಿಂದಕ್ಕೆ ಪಡೆಯಲಾಗದು, ಆದ್ದರಿಂದ ಒಂದು ರಾತ್ರಿ ಯೋಚಿಸಿ ಒತ್ತಿ. ಕಡತದ ಹೆಸರು ಕ್ಯಾಮೆರಾ ಕೊಟ್ಟ ಅಂಕೆಯಾಗಿರದೆ ಜಾಗ, ಕೊಳದ ಸಂಖ್ಯೆ, ತಿಂಗಳು, ವರ್ಷ ಹೇಳುವಂತಿರಲಿ. ವಿವರಣೆಯನ್ನು ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಬರೆಯಲು ಬೇರೆ ಬೇರೆ ಖಾನೆಗಳಿವೆ. ಎರಡು ನಿಮಿಷದ ಕೆಲಸ, ಕನ್ನಡದಲ್ಲಿ ಹುಡುಕುವವರಿಗೂ ಚಿತ್ರ ಸಿಗುತ್ತದೆ. ಮೂಲ ಚಿತ್ರವನ್ನು ಪೂರ್ಣ ಗಾತ್ರದಲ್ಲಿ, ಕ್ಯಾಮೆರಾ ಮಾಹಿತಿ ಸಹಿತ ಮೊದಲು ಅಲ್ಲಿಗೇ ಏರಿಸಿ, ಆಮೇಲೆ ಬೇರೆಡೆ ಹಾಕಿ. ಮೊದಲೇ ಬೇರೆ ಕಡೆ ಪ್ರಕಟವಾಗಿದ್ದರೆ ಅದು ನಿಮ್ಮದೇ ಎಂದು ತೋರಿಸಬೇಕಾದ ಪಾಡು ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಜಾಗದ ಮಾಹಿತಿಯೂ ಹೋಗುತ್ತದೆ, ಗಾತ್ರವೂ ಕುಗ್ಗುತ್ತದೆ.

ತಡವಾದದ್ದು ಮೂರು ಚಿತ್ರಗಳಿಂದ. ಎರಡನೇ ಹಾರಾಟದಲ್ಲಿ ನನ್ನ ಎರಡನೇ ಕ್ಯಾಮೆರಾ ಹಿಂದಿನ ಸೀಟಿನ ಗೆಳೆಯನ ಕೈಯಲ್ಲಿತ್ತು. ಡ್ರಾಬ್ರಿಜ್ ಎಂಬ ಪಾಳು ಊರಿನ ಒಳ್ಳೆಯ ಚಿತ್ರಗಳು ಅವನವೇ. ಜವುಗಿನ ನಡುವೆ ರೈಲು ಹಳಿಯ ಎರಡೂ ಕಡೆ ಇದ್ದ ಮನೆಗಳು ಕೆಸರಿಗೆ ಇಳಿಯುತ್ತಿವೆ. ಕೊನೆಯ ನಿವಾಸಿ ಊರು ಬಿಟ್ಟದ್ದು 1979ರಲ್ಲಿ. ಒಂದು ಮನೆಯ ಮಾಡು ಹೆಚ್ಚುಕಡಿಮೆ ನೆಲದ ಮಟ್ಟಕ್ಕೆ ಬಂದು, ಹುಲ್ಲಿನ ನಡುವೆ ಬೂದು ಬಣ್ಣದ ಹಲಗೆ ಹರವಿದಂತೆ ಕಾಣುತ್ತದೆ. ಕ್ಯಾಮೆರಾ ಯಾರದೇ ಇರಲಿ, ಹಕ್ಕು ಗುಂಡಿ ಒತ್ತಿದವರದು. ಅವನ ಚಿತ್ರವನ್ನು ನಾನು ನನ್ನದೆಂದು ಹಾಕುವಂತಿಲ್ಲ. ಅವನು ತನ್ನ ಇಮೇಲಿನಿಂದ ಅನುಮತಿ ಪತ್ರ ಕಳಿಸಬೇಕು. ಮೊದಲ ಸಲ "ನನ್ನ ಅಭ್ಯಂತರವಿಲ್ಲ" ಎಂದಷ್ಟೇ ಬರೆದ, ಅದು ಸಾಲಲಿಲ್ಲ. ಕಡತಗಳ ಹೆಸರು, ತಾನೇ ತೆಗೆದದ್ದು ಎಂಬ ಮಾತು, ಲೈಸೆನ್ಸಿನ ಪೂರ್ಣ ಹೆಸರು, ವಾಣಿಜ್ಯ ಬಳಕೆಗೂ ಮಾರ್ಪಾಡಿಗೂ ಒಪ್ಪಿಗೆ, ಇವೆಲ್ಲ ಇರುವ ಮಾದರಿ ಪತ್ರ ಅಲ್ಲೇ ಸಿಗುತ್ತದೆ. ಅದನ್ನೇ ತುಂಬಿ ಕಳಿಸಬೇಕಿತ್ತು. ಪತ್ರ ನೋಡುವವರು ಸ್ವಯಂಸೇವಕರು, ಸರದಿ ಉದ್ದವಿರುತ್ತದೆ. ಎರಡು ಸುತ್ತು ಸೇರಿ ಏಳು ವಾರ ಹಿಡಿಯಿತು. ಕಾಯುತ್ತಿರುವಾಗ ಮತ್ತೆ ಮತ್ತೆ ಹೊಸ ಪತ್ರ ಕಳಿಸಬೇಡಿ, ಮೊದಲ ಉತ್ತರದಲ್ಲಿ ಬಂದ ಟಿಕೆಟ್ ಸಂಖ್ಯೆ ಇಟ್ಟುಕೊಂಡು ಅದೇ ಪತ್ರಕ್ಕೆ ಉತ್ತರಿಸಿ.

ಇದನ್ನು ಓದಿ ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯಿಂದ ಹಾಗೇ ಹಾರಿ ಫೋಟೋ ತೆಗೆಯಬಹುದೇ ಎಂದು ಕೇಳುವವರಿಗೆ: ಇಲ್ಲ. ಭಾರತದಲ್ಲಿ 1937ರ ವಿಮಾನ ನಿಯಮಗಳ 13ನೇ ನಿಯಮದ ಪ್ರಕಾರ ಹಾರುವ ವಿಮಾನದಿಂದ ಚಿತ್ರ ತೆಗೆಯಲು ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಅನುಮತಿ ಬೇಕು. ಸಾಣಿಕಟ್ಟಾದಂಥ ಕಡೆ ಕಾರವಾರದ ನೌಕಾನೆಲೆಯೂ ದೂರವಿಲ್ಲ. ಡ್ರೋನ್ ಆದರೆ 2021ರ ಡ್ರೋನ್ ನಿಯಮಗಳು, ಡಿಜಿಟಲ್ ಸ್ಕೈ ನಕ್ಷೆಯ ಬಣ್ಣದ ವಲಯಗಳು ಅನ್ವಯವಾಗುತ್ತವೆ. ಅನುಮತಿ ಪತ್ರ ಕೈಗೆ ಬರುವ ಮೊದಲು ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯಬೇಡಿ.

ಚಿತ್ರ ಏರಿಸಿದ ಮೂರನೇ ದಿನ ಅಪರಿಚಿತರೊಬ್ಬರು ಒಂದು ವಿವರಣೆಯ ಕೆಳಗೆ ಬರೆದಿದ್ದರು: ನೀವು ಎ21 ಎಂದು ಬರೆದದ್ದು ಎ20, ರೈಲು ಹಳಿ ಯಾವ ಮಗ್ಗುಲಿಗಿದೆ ನೋಡಿ. ದಿಕ್ಕು ಮತ್ತು ಜಾಗ ಎರಡನ್ನೂ ತುಂಬಿದ್ದರಿಂದಲೇ ಅವರಿಗೆ ಅದನ್ನು ಪರೀಕ್ಷಿಸಲು ಸಾಧ್ಯವಾಗಿತ್ತು. ನಕ್ಷೆ ತೆರೆದು ನೋಡಿದೆ, ಅವರು ಹೇಳಿದ್ದೇ ಸರಿ. ಆರು ಚಿತ್ರಗಳ ಹೆಸರು ಬದಲಿಸಲು ಕೋರಿಕೆ ಹಾಕಿದೆ, ಅದೇ ಸಂಜೆ ಬದಲಾಯಿತು.